ಕೋಡಿಮಠದ ಶಾಸನಗಳನ್ನು ಕನ್ನಡಿ ಬೆಳಕಲ್ಲಿ ಓದಿದ್ದು

ಪಡಿಯಚ್ಚು (ಕಲ್ಲಿನ ಮೇಲೆ ಒದ್ದೆ ಕಾಗದ ಒತ್ತಿ, ಮಸಿ ಬಡಿದು ತೆಗೆಯುವ ಪ್ರತಿ) ತೆಗೆಯದೆ ಶಾಸನದ ಅಚ್ಚಾದ ಹಳೆಯ ಪಾಠ ತಿದ್ದಲು ಆಗುವುದೇ ಇಲ್ಲ ಎಂದವರು ಬಹಳ ಮಂದಿ. ಆಗುತ್ತದೆ. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಲ್ಲಿದ್ದ ಹಳೆಯ ಶೈವ ಮಠವಾದ ಕೋಡಿಮಠದ ದಾನಶಾಸನಗಳನ್ನು, ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯ ಕರ್ನಾಟಿಕದ 7ನೇ ಸಂಪುಟದ ಪಾಠ ಪಕ್ಕಕ್ಕಿಟ್ಟುಕೊಂಡು ಸಾಲು ಸಾಲಾಗಿ ನೋಡಿದ್ದೇನೆ. ಸಲಕರಣೆಗೆ ಹಿಡಿದದ್ದು ಮೂರು ಸಾವಿರದ ಆಸುಪಾಸು. 3ಡಿ ಸ್ಕ್ಯಾನಿಗೆ ಕೇಳಿದ ದರ ಲಕ್ಷ ದಾಟಿತ್ತು.

ಮೊದಲು ಕೊಂಡ ಎಲ್‌ಇಡಿ ಟಾರ್ಚ್ ದಂಡವಾಯಿತು. ನಯಗೊಳಿಸಿದ ಕಲ್ಲಿನ ಮೇಲೆ ನಡುವೆ ಬಿಳಿ ಮಚ್ಚೆ, ಅಂಚಿಗೆ ಕತ್ತಲೆ. ಕೈ ಹಿಡಿದದ್ದು ಬೀರುವಿನ ಹಳೆಯ ಕನ್ನಡಿ. ಕಲ್ಲಿಗೆ ಕಪ್ಪು ಬಟ್ಟೆಯ ನೆರಳು ಕಟ್ಟಿ, ಬಿಸಿಲನ್ನು ಕನ್ನಡಿಯಿಂದ ಕಲ್ಲಿನ ಮೈಗೆ ಹತ್ತು ಹದಿನೈದು ಡಿಗ್ರಿ ಓರೆಯಲ್ಲಿ ಹಾಯಿಸಬೇಕು. ಎಡ, ಬಲ, ಮೇಲೆ, ಕೆಳಗೆ, ಹೀಗೆ ನಾಲ್ಕು ದಿಕ್ಕಿಂದ ಒಂದೊಂದು ಚಿತ್ರ. ಮೊಬೈಲ್ ಕ್ಯಾಮೆರಾದ ಎಚ್‌ಡಿಆರ್ ಆಫ್ ಮಾಡಿರಿ; ಅದು ನೆರಳಿನ ಜಾಗವನ್ನು ಬೆಳಗಿಸಿಬಿಡುತ್ತದೆ, ನಮಗೆ ಬೇಕಾದದ್ದೇ ನೆರಳು. ಟ್ರೈಪಾಡಿಗೆ ಪುರಾತತ್ತ್ವ ಇಲಾಖೆಯ ಅನುಮತಿ ಬೇಕು. ಸೀಮೆಸುಣ್ಣ, ಹಿಟ್ಟು ಬೇಡವೇ ಬೇಡ: ಹಚ್ಚಿದವನ ಊಹೆಯೇ ಮುಂದಿನವನಿಗೆ ಅಕ್ಷರವಾಗಿ ಕಾಣುತ್ತದೆ. ನಾಲ್ಕು ಚಿತ್ರಗಳನ್ನು ಒಂದಾಗಿಸುವ ಅಳತೆಗಳನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಇದನ್ನೇ ತಾಮ್ರಶಾಸನಕ್ಕೂ ಮಾಡಿ ನೋಡಿದೆ. ಬರೀ ಹೊಳಪು. ಅದಕ್ಕೆ ಮೋಡದ ದಿನವೇ ಸರಿ.

ಓದಿದ ಮೇಲೆ ಎಲ್ಲವನ್ನೂ ಒಂದೇ ಕಡತದಂತೆ ಕಾಣಬೇಕು. ಬಿಡಿ ಶಾಸನದಿಂದ ಮಠದ ಇತಿಹಾಸ ಹುಟ್ಟುವುದಿಲ್ಲ. ಸಾಲಿಗೊಂದು ದಾನ: ತೇದಿ, ದಾನಿ, ಪಡೆದ ಆಚಾರ್ಯ, ಭೂಮಿ, ಉದ್ದೇಶ. ತೇದಿಗೆ ಸಂವತ್ಸರವೇ ಗೂಟ. ಆರನೆಯ ವಿಕ್ರಮಾದಿತ್ಯ ಆರಂಭಿಸಿದ ಚಾಲುಕ್ಯ ವಿಕ್ರಮ ಶಕೆಯ ವರ್ಷ 1 ಎಂದರೆ ನಳ ಸಂವತ್ಸರ, ಕ್ರಿ.ಶ. 1076. ಶಕವರ್ಷ ಒಂದು ಹೆಚ್ಚುಕಡಿಮೆ ಬಂದರೆ ಅದು ಗತವೋ (ಮುಗಿದ ವರ್ಷ) ವರ್ತಮಾನವೋ (ನಡೆಯುತ್ತಿದ್ದ ವರ್ಷ) ನೋಡಿ, ಆಮೇಲೆ ತಿಥಿ, ವಾರ. ಆಚಾರ್ಯ ಯಾರೆಂಬುದಕ್ಕೆ ಪ್ರಶಸ್ತಿಯ, ಅಂದರೆ ಶಾಸನದ ಹೊಗಳಿಕೆಯ ಭಾಗದ, ಗುರುಪರಂಪರೆ ನಂಬಬೇಡಿ, ಅಲ್ಲಿ ತೀರಿಕೊಂಡವರೂ ಇದ್ದಾರೆ. ವಾಮಶಕ್ತಿಯಂಥ ಆಚಾರ್ಯರ ಹೆಸರು ಮರಳಿ ಬರುವಲ್ಲಂತೂ ಗೊಂದಲ ಖಚಿತ. ‘ಕಾಲಂ ಕರ್ಚಿ ಧಾರಾಪೂರ್ವಕಂ’ (ಕಾಲು ತೊಳೆದು, ನೀರೆರೆದು) ಎನ್ನುವಲ್ಲಿ ಯಾರ ಕಾಲು ತೊಳೆದರೋ ಅವರೇ ಆ ದಿನ ದಾನ ಪಡೆದವರು.

1162ರ ಶಾಸನ ವ್ಯಾಕರಣ, ದರ್ಶನ, ಪುರಾಣಗಳ ಪಾಠ, ಅನಾಥರಿಗೆ ಅನ್ನ, ರೋಗಿಗಳಿಗೆ ಚಿಕಿತ್ಸೆ ಎಂದೆಲ್ಲ ವರ್ಣಿಸುತ್ತದೆ. ಅಷ್ಟನ್ನೇ ಹಿಡಿದು ಮಠವನ್ನು ವಿಶ್ವವಿದ್ಯಾಲಯ ಎನ್ನುವುದು ಅವಸರ. ವಿದ್ಯಾದಾನಕ್ಕೆ, ಆಹಾರದಾನಕ್ಕೆ ಬಿಟ್ಟ ಭೂಮಿಯ ಸಾಲುಗಳೇ ಗಟ್ಟಿ ಸಾಕ್ಷಿ. ಆದರೆ ಮತ್ತರುಗಳನ್ನು (ಆಗಿನ ಭೂಮಿಯ ಅಳತೆ) ಸುಮ್ಮನೆ ಕೂಡಿಸಬಾರದು. ಅಳೆದ ಘಳೆ, ಅಂದರೆ ಅಳತೆಕೋಲು, ಊರೂರಿಗೆ ಬೇರೆ, ಅದರ ಹೆಸರಿಗೇ ಪಟ್ಟಿಯಲ್ಲಿ ಒಂದು ಅಂಕಣ ಬೇಕು.