ಝೋನ್ ಬರದ ಕಾಂಪೌಂಡೇ ಕೊನೆಗೆ ಕೆಲಸ ಮಾಡಿತು

"ಝೋನೇ ಇಲ್ಲವಲ್ಲ ಸರ್, ಬಿಟ್ಟುಬಿಡಿ" ಅಂತ ಎಲ್ಲರೂ ಹೇಳಿದ್ದರು. ಝೋನ್ ಅಂದರೆ ಬ್ಯಾಕ್ಟೀರಿಯಾ ಬೆಳೆಯದೆ ಖಾಲಿ ಉಳಿಯುವ ಉಂಗುರ. ಬ್ಯಾಕ್ಟೀರಿಯಾ ಬೆಳೆಸುವ ಅಗರ್ ಜೆಲ್ಲಿಯ ಪ್ಲೇಟಿನಲ್ಲಿ ನಮ್ಮ ಕಾಂಪೌಂಡ್ (ಬ್ಯಾಕ್ಟೀರಿಯಾ ಕೊಲ್ಲಲೆಂದು ಮಾಡಿದ ರಾಸಾಯನಿಕ) ಸುತ್ತ ಒಂದೆರಡು ಮಿಲಿಮೀಟರ್ ಉಂಗುರ, ಅಷ್ಟೇ.

ಹಾಸನದಲ್ಲಿ ಪಾಠ ಮಾಡಿಕೊಂಡೇ ಸಿಂಥೆಸಿಸ್ ಮಾಡುವವರ ಪಾಡು ಗೊತ್ತಲ್ವಾ. ಮೊದಲ ಎರಡು ವರ್ಷ ಚಾಲ್ಕೋನ್, ಶಿಫ್ ಬೇಸ್ ಅನ್ನುವ ಜಾತಿಯ ಅಣುಗಳಲ್ಲೇ ಕಳೆದೆ. ಸುಮಾರು 40 ಕಾಂಪೌಂಡ್. ಮಾಮೂಲಿ ಆಂಟಿಬಯಾಟಿಕ್‌ಗೆ ಜಗ್ಗದ ಎಂಆರ್‌ಎಸ್‌ಎ ಬ್ಯಾಕ್ಟೀರಿಯಾ ಮುಂದೆ ಒಂದೂ ನಿಲ್ಲಲಿಲ್ಲ. ಸಿಲಿಕಾ, ಹೆಕ್ಸೇನ್, ಬೆಂಗಳೂರಿಗೆ ಕಳಿಸುವ ಎನ್‌ಎಂಆರ್ (ಅಣುವಿನ ರಚನೆ ನೋಡುವ ಪರೀಕ್ಷೆ) ಸೇರಿ ಕೈಯಿಂದ 80 ಸಾವಿರದ ಹತ್ತಿರ ಹೋಯಿತು. ಮನೆಯಲ್ಲಿ 50 ಅಂತ ಹೇಳಿದ್ದೇನೆ.

ಆಮೇಲೆ ಬ್ಯಾಕ್ಟೀರಿಯಾದ ಪೊರೆಗೇ ಕೈ ಹಾಕೋಣ ಅನ್ನಿಸಿತು. ಬೆಂಗಳೂರಿನ ಜೆಎನ್‌ಸಿಎಎಸ್‌ಆರ್ ಸಂಶೋಧನಾ ಸಂಸ್ಥೆಯ ಜಯಂತ ಹಲ್ದಾರ್ ಅವರ ತಂಡ ಇದೇ ದಾರಿಯಲ್ಲಿ ತುಂಬಾ ಕೆಲಸ ಮಾಡಿದೆ. ನನ್ನ ಅಣುವಿಗೆ ಎರಡು ಪ್ಲಸ್ ಚಾರ್ಜ್, ಎರಡು ಎಣ್ಣೆಬಾಲ (ಉದ್ದದ ಕಾರ್ಬನ್ ಸರಪಳಿ), ನಡುವೆ ಅಮೈಡ್ ಅನ್ನುವ ಕೊಂಡಿ. ಅದಕ್ಕೆ ಬೇಕಾದ ಬ್ರೋಮೋಅಸಿಟೈಲ್ ಬ್ರೋಮೈಡ್ ಬಾಟಲಿ ತೆರೆದ ದಿನ, ಹೊಗೆ ಹೊರಗೆಳೆಯುವ ಫ್ಯೂಮ್ ಹುಡ್ ಕೈಕೊಟ್ಟಿತು. ಕಾರಿಡಾರಿನಲ್ಲಿದ್ದ ಹುಡುಗರೆಲ್ಲ ಈರುಳ್ಳಿ ಹೆಚ್ಚಿದವರ ಹಾಗೆ ಕಣ್ಣೊರೆಸಿಕೊಂಡು ಓಡಿದರು.

ಆಷಾಢದ ಮಳೆಯಲ್ಲಿ ಇನ್ನೊಂದು ಕಾಟ. ಸಂಜೆ ಬಿಳಿ ಪುಡಿ ಅಂತ ತೂಗಿಟ್ಟ ನಮ್ಮ ಕಾಂಪೌಂಡಿನ ಉಪ್ಪು ತೇವ ಎಳೆದುಕೊಂಡು ಬೆಳಿಗ್ಗೆ ಬೆಲ್ಲದ ಪಾಕವಾಗಿರುತ್ತಿತ್ತು. ಮೂರು ಬ್ಯಾಚ್ ಹಾಳಾದವು. ಯಾವ ದ್ರಾವಕದಲ್ಲಿ ತಿಕ್ಕಿದರೆ ಪುಡಿ ಪುಡಿಯಾಗೇ ಉಳಿಯುತ್ತದೆ ಅಂತ ಈಗ ಗೊತ್ತಾಗಿದೆ. ಅದನ್ನು ಪೇಪರ್ ಬಂದ ಮೇಲೆ ಹೇಳುತ್ತೇನೆ.

ಝೋನ್ ಯಾಕೆ ಬರಲಿಲ್ಲ ಅಂದರೆ, ಪ್ಲಸ್ ಚಾರ್ಜ್ ಅಗರ್‌ಗೇ ಅಂಟಿಕೊಳ್ಳುತ್ತದೆ. ಅಗರ್‌ನಲ್ಲಿ ಕೊರೆದ ಬಾವಿ ಬಿಟ್ಟು ಹೊರಗೇ ಹೋಗದ ಕಾಂಪೌಂಡ್ ಕೊಲ್ಲುವುದಾದರೂ ಯಾರನ್ನ? ಅದಕ್ಕೆ ಅಗರ್ ಬಿಟ್ಟು, ಬ್ರಾತ್ ಅನ್ನುವ ಪೋಷಕ ದ್ರವ ತುಂಬಿದ 96 ಗುಂಡಿಯ ಪ್ಲೇಟಿಗೆ ಬಂದೆ. ಅಲ್ಲೂ ಮೊದಲ ಸಲ ರೀಡಿಂಗ್ ದಿನಕ್ಕೊಂದು. ಮಾಮೂಲಿ ಪಾಲಿಸ್ಟೈರೀನ್ ಪ್ಲೇಟಿಗೂ ಅದು ಅಂಟುತ್ತಿತ್ತು. ಪಾಲಿಪ್ರೊಪಿಲೀನ್ ಪ್ಲೇಟ್ ತರಿಸಿದೆ, ಬೆಲೆ ಸುಮಾರು ಮೂರು ಪಟ್ಟು. ಪರಿಚಯದ ಮೈಕ್ರೋಬಯಾಲಜಿ ಲ್ಯಾಬಿನವರು ಎಂಆರ್‌ಎಸ್‌ಎ ಹಾಕಿಕೊಟ್ಟರು. ಮಾರನೆಯ ದಿನ ರೆಸಜುರಿನ್ ಬಿಟ್ಟು ಕಾದೆವು, ಬ್ಯಾಕ್ಟೀರಿಯಾ ಬದುಕಿದ್ದರೆ ಆ ನೀಲಿ ಬಣ್ಣ ಗುಲಾಬಿಯಾಗುತ್ತದೆ. ಕಾಂಪೌಂಡ್ ಹಾಕದ ಕಂಟ್ರೋಲ್ ಎಲ್ಲ ಗುಲಾಬಿ. ನಮ್ಮ 10 ಕಾರ್ಬನ್ ಬಾಲದ ಸಾಲು ಮಾತ್ರ ಎಂಎಲ್‌ಗೆ 4 ಮೈಕ್ರೋಗ್ರಾಂಗೆ ಇಳಿಸುವವರೆಗೂ ನೀಲಿ. 8 ಕಾರ್ಬನ್ನಿನದು 64ರ ಆಸುಪಾಸು.

14 ಕಾರ್ಬನ್ನಿನದು 2ಕ್ಕೇ ಕೊಂದಿತ್ತು, ಆಸೆ ಆಯಿತು. ನನ್ನದೇ ರಕ್ತ ಐದು ಎಂಎಲ್ ತೆಗೆಸಿ ಕೆಂಪು ಕಣಗಳ ಮೇಲೆ ಹಾಕಿದೆ. 14ರ ಟ್ಯೂಬ್ ಪೂರ್ತಿ ಕೋಕಂ ಶರಬತ್ತು, ಅಂದರೆ ಕಣಗಳೇ ಒಡೆದಿದ್ದವು. 10ರದರಲ್ಲಿ ಕಣಗಳು ತಳದಲ್ಲಿ ಬೊಟ್ಟಿನ ಹಾಗೆ ಕೂತಿದ್ದವು, ಮೇಲೆ ತಿಳಿನೀರು. 200 ಮೈಕ್ರೋಗ್ರಾಂ ದಾಟಿದರೂ ಹಾಗೇ. ಅಲ್ಲಿಗೆ 14 ಅನ್ನು ಕೈಬಿಟ್ಟೆ.

ನಡುವೆ ಒಂದು ಹುಚ್ಚು. ನಮ್ಮ ಸಕಲೇಶಪುರದ ಕಾಫಿಯಿಂದಲೇ ಕೆಫೀನ್ ತೆಗೆದು ಅದಕ್ಕೆ ಬಾಲ ಕಟ್ಟೋಣ ಅಂತ ಹೊರಟೆ. ಮೂರು ವಾರ ರಿಫ್ಲಕ್ಸ್‌ನಲ್ಲಿ ಕುದಿಸಿದರೂ ಕೆಫೀನ್ ಜಪ್ಪಯ್ಯ ಅನ್ನಲಿಲ್ಲ. ಟಿಎಲ್‌ಸಿ ಪರೀಕ್ಷೆಯಲ್ಲಿ ನೋಡಿದರೆ ಹಾಕಿದ್ದೇ ವಾಪಸ್. ಲ್ಯಾಬ್ ಮಾತ್ರ ಘಮಘಮ.

ಬ್ಯಾಕ್ಟೀರಿಯಾ ಇದಕ್ಕೂ ಒಗ್ಗಿಕೊಳ್ಳುತ್ತದಾ ಅಂತ 20 ದಿನ ದಿನಾ ಅದೇ ಬ್ಯಾಕ್ಟೀರಿಯಾವನ್ನು ಕಾಂಪೌಂಡ್ ಜೊತೆ ಬೆಳೆಸಿ ನೋಡಿದೆ. ತಡೆಯಲು ಬೇಕಾದ ಪ್ರಮಾಣ 4 ಇದ್ದದ್ದು 8 ದಾಟಲಿಲ್ಲ. ಸಿಪ್ರೊಫ್ಲಾಕ್ಸಾಸಿನ್ ಅನ್ನುವ ಆಂಟಿಬಯಾಟಿಕ್‌ಗೆ ಪಕ್ಕದ ಸಾಲಿನಲ್ಲಿ ನೂರು ಪಟ್ಟು ಏರಿತ್ತು. ಬಿಟ್ಟುಬಿಡಿ ಅಂದವರಿಗೆಲ್ಲ ಫೋಟೋ ಕಳಿಸಿದೆ, ಸುಮ್ನೆ. ಸೂಡೊಮೊನಾಸ್ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾ ಮಾತ್ರ ಇನ್ನೂ ಬಗ್ಗಿಲ್ಲ. ಸೀರಮ್ (ರಕ್ತದ ತಿಳಿದ್ರವ) ಅರ್ಧ ಬೆರೆಸಿದರೆ ನಮ್ಮ 4 ಕೂಡ 32 ಆಗಿಬಿಡುತ್ತದೆ. ಅದಕ್ಕೆ ಬಾಲದ ತುದಿಯನ್ನೇ ಸ್ವಲ್ಪ ಬದಲಾಯಿಸಿ ಹೊಸ ಬ್ಯಾಚ್ ಹಾಕಿದ್ದೇನೆ. ಈ ಸಲ ಮಳೆ ಶುರುವಾಗುವ ಮುಂಚೆಯೇ.