ಖರಾಬು ಕಾಲಂನಲ್ಲಿ ಸಿಕ್ಕ ಬಂಗಲೆ: ನನ್ನ ಅನುಭವ

ಊರವರು ಅದನ್ನು ಪಾಳೇಗಾರರ ಕುದುರೆ ಲಾಯ ಅನ್ನುತ್ತಾರೆ. ಅದು ಲಾಯ ಅಲ್ಲ, ಹಳೇ ಮುಸಾಫಿರ್ ಬಂಗಲೆ, ಅಂದರೆ ದಾರಿಹೋಕರು ತಂಗುತ್ತಿದ್ದ ಕಟ್ಟಡ. ಈಗ ಇದನ್ನು ಗಟ್ಟಿಯಾಗಿ ಹೇಳಬಲ್ಲೆ. ಚಿತ್ರದುರ್ಗ–ದಾವಣಗೆರೆ ನಡುವೆ, ಹೆದ್ದಾರಿಯಿಂದ ಒಳಗೆ, ಜಾಲಿ ಬೆಳೆದ ಒಂದು ಹಾಳು ಕಟ್ಟಡ. ಊರಿನ ಹೆಸರು ಹೇಳುವುದಿಲ್ಲ. ನಿಧಿ ಆಸೆಗೆ ಅಗೆಯುವವರು ನಮ್ಮ ಜಿಲ್ಲೆಯಲ್ಲಿ ಎಷ್ಟು ಗುಡಿ, ಎಷ್ಟು ವೀರಗಲ್ಲು ಹಾಳು ಮಾಡಿದ್ದಾರೆ ಅಂತ ನಿಮಗೂ ಗೊತ್ತು.

ಹಾಳು ಕಟ್ಟಡ ಅಂದ ಕೂಡಲೇ ಇತಿಹಾಸದ ಹುಚ್ಚಿರುವ ನಾವೆಲ್ಲ ಶಾಸನ ಹುಡುಕುತ್ತೇವೆ. ನಾನೂ ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ 11ನೇ ಸಂಪುಟದಿಂದಲೇ (ಚಿತ್ರದುರ್ಗ ಜಿಲ್ಲೆಯದು) ಶುರು ಮಾಡಿದೆ. ಆ ಊರಿನದು ಒಂದು ಸಾಲೂ ಸಿಗಲಿಲ್ಲ. ಹೂತುಹೋದ ಗೋಡೆ, ದಾರಿಯ ಗುರುತು ಬೆಳೆಯ ಬಣ್ಣದಲ್ಲಿ ಕಾಣಬಹುದು ಅಂತ ಆಮೇಲೆ ಡ್ರೋನ್ ತರಿಸಿದೆ. ಅರ್ಧ ದಿನಕ್ಕೆ ಏಳೆಂಟು ಸಾವಿರ. ಆಪರೇಟರ್ ಬಿಡುವು ಮಾಡಿಕೊಂಡು ಬಂದದ್ದು ಒಳ್ಳೇ ಮಳೆ ಬಿದ್ದ ವಾರ. ಮೇಲಿಂದ ನೋಡಿದರೆ ಎಲ್ಲಾ ಕಡೆ ಒಂದೇ ಹಸಿರು. ಇನ್ನೊಬ್ಬರು ಮೆಟಲ್ ಡಿಟೆಕ್ಟರ್ ತರುತ್ತೇನೆ ಅಂದರು. ಬೇಡವೇ ಬೇಡ ಅಂದೆ. ಅದನ್ನು ಹಿಡಿದು ಹೊಲಕ್ಕೆ ಇಳಿದರೆ ಸಂಜೆಯೊಳಗೆ ಇಡೀ ಊರು ಸೇರುತ್ತದೆ.

ಕೊನೆಗೆ ನಾನು ಹಿಡಿದ ದಾರಿ ಕಂದಾಯ ಕಾಗದ. ಗ್ರಾಮನಕ್ಷೆ, ಟಿಪ್ಪಣಿ (ಒಂದೊಂದು ಸರ್ವೆ ನಂಬರಿನ ಅಳತೆಯ ಚಿತ್ರ), ಆಕಾರಬಂದು (ಸರ್ವೆ ನಂಬರುವಾರು ವಿಸ್ತೀರ್ಣ, ಖರಾಬು, ಕಂದಾಯದ ಪಟ್ಟಿ). "ಕಂದಾಯದ ಕಾಗದದಲ್ಲಿ ಇತಿಹಾಸ ಎಲ್ಲಿರುತ್ತೆ ಮಾರಾಯ?" ಅಂತ ನಮ್ಮ ಬಳಗದಲ್ಲೇ ಕೇಳಿದರು. ನನ್ನ ಲೆಕ್ಕ ಬೇರೆ ಇತ್ತು. ಮೈಸೂರು ಸಂಸ್ಥಾನದಲ್ಲಿ ಕಂದಾಯ ಸರ್ವೆ ಶುರುವಾಗಿದ್ದು 1863ರಲ್ಲಿ. ಸರ್ವೆಯವರು ಸರಪಳಿ ಎಳೆದು ಅಳೆದರು. ಉಳಲು ಬಾರದ ಜಾಗವನ್ನು ಖರಾಬು ಅಂತ ಬರೆದರು. ಕಂದಾಯ ಬಿಡಬೇಕಲ್ವಾ, ಅದಕ್ಕೆ ಕಾರಣವನ್ನೂ ಬರೆದರು. ಬಾವಿ, ಗುಡಿ, ಹಳ್ಳ, ದಾರಿ, ಕಟ್ಟೆ. ನಾವೆಲ್ಲ ಹುಡುಕುವುದು ಇದನ್ನೇ ಅಲ್ವಾ?

ಕಾಗದ ಕೈಗೆ ಬರೋದು ಮಾತ್ರ ಸುಲಭವಲ್ಲ. ನಕಲಿನ ಶುಲ್ಕ ಎಲ್ಲಾ ಸೇರಿ ಕೆಲವು ನೂರು ರೂಪಾಯಿ ಅಷ್ಟೇ. ಅದಕ್ಕಾಗಿ ಸುಟ್ಟ ಪೆಟ್ರೋಲು ಅದರ ಹತ್ತು ಪಟ್ಟು. ಒಂದು ಕಚೇರಿಯಲ್ಲಿ ತಿಂಗಳುಗಟ್ಟಲೆ "ನಾಳೆ ಬನ್ನಿ" ಅಂದರು. ಸಿಕ್ಕ ಟಿಪ್ಪಣಿ ಹಾಳೆಯ ಅಂಚು ಗೆದ್ದಲು ತಿಂದಿತ್ತು. ಆದರೆ ಮಧ್ಯದಲ್ಲಿ ಒಂದು ಚೌಕ, ಅದರೊಳಗೆ ಮಾಸಿದ ಶಾಯಿಯಲ್ಲಿ 'ಬಂಗ್ಲೆ', ಪಕ್ಕದಲ್ಲಿ ಅಳತೆ: 2 ಚೈನು, 3 ಚೈನು 4 ಆಣೆ. ಒಂದು ಚೈನು 33 ಅಡಿ, 16 ಆಣೆಗೆ ಒಂದು ಚೈನು. ಅಂದರೆ 66 ಅಡಿಗೆ 107 ಅಡಿ, ಹತ್ತಿರ ಹತ್ತಿರ ಆರೂವರೆ ಗುಂಟೆ. ಮಾರನೇ ದಿನ ಟೇಪು ಹಿಡಿದು ಹೋದೆ. ಕಾಂಪೌಂಡಿನ ತಳಪಾಯ ಕಾಣುತ್ತಿದ್ದದ್ದು ಒಂದೇ ಬದಿ. ಅದು ಒಂದು ಗೇಣು ಆಚೀಚೆ 66 ಅಡಿಯೇ ಬಂತು.

ಹಳೇ ಸರ್ವೆ ನಂಬರನ್ನು ಈಗಿನ ಹಿಸ್ಸಾ (ಜಮೀನು ಪಾಲಾದ ಮೇಲಿನ) ನಂಬರಿಗೆ ಹೊಂದಿಸುವುದಕ್ಕೆ ನನ್ನದೇ ಒಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಎದುರಿಗೆ ಬಂದು ಕೂತರೆ ಹೇಳಿಕೊಡುತ್ತೇನೆ.

ಗ್ರಾಮನಕ್ಷೆಯಲ್ಲಿ ಚೌಕದ ಮುಂದೆಯೇ ಗಾಡಿ ದಾರಿ ಹೋಗುತ್ತದೆ. ಈಗ ಅಲ್ಲಿ ಶೇಂಗಾ ಹೊಲ. ಮುಂದಿನ ವರ್ಷ ಶ್ರಾವಣದಲ್ಲಿ ಮಳೆ ಕೈಕೊಟ್ಟಿತು. ರೈತರಿಗೆ ಕಷ್ಟದ ದಿನ. ಪಕ್ಕದ ಮನೆಯ ಮಾಳಿಗೆ ಹತ್ತಿ ನೋಡಿದೆ. ಹೊಲದ ನಡುವೆ ಎರಡು ಗಾಡಿ ಅಗಲದ ಪಟ್ಟೆ ಬೇರೆ ಕಡೆಗಿಂತ ಮೊದಲೇ ಹಳದಿ ತಿರುಗಿತ್ತು. ಕೆಳಗೆ ಜಲ್ಲಿ ಇದ್ದರೆ ಬೇರು ಇಳಿಯುವುದಿಲ್ಲ, ತೇವ ನಿಲ್ಲುವುದಿಲ್ಲ. ಪಟ್ಟೆ ನೇರವಾಗಿ ಬಂಗಲೆ ಬಾಗಿಲಿಗೆ ಬಂದಿತ್ತು. ಡ್ರೋನ್ ತೋರಿಸದ್ದನ್ನು ಮಾಳಿಗೆ ಪುಕ್ಕಟೆ ತೋರಿಸಿತು.

ಮಧ್ಯೆ ಹೆಂಚಿನ ಹುಚ್ಚೂ ಹಿಡಿಯಿತು. ಹಿತ್ತಲಲ್ಲಿ ಮಂಗಳೂರು ಹೆಂಚಿನ ಚೂರು ಬಿದ್ದಿದ್ದವು. ಊರೊಳಗಿನ ಒಂದು ದನದ ಕೊಟ್ಟಿಗೆ ಮೇಲೆ ಅದೇ ಮುದ್ರೆಯ ಇಡೀ ಹೆಂಚು ಸಿಕ್ಕಿತು: ಬಾಸೆಲ್ ಮಿಷನ್, 1865. ತುಂಬ ಜನ ಈ ಇಸವಿ ನೋಡಿ ಮನೆ 1865ರದು ಅಂತ ಬರೆದುಬಿಡುತ್ತಾರೆ. ಅದು ಮಂಗಳೂರಿನ ಜೆಪ್ಪುವಿನಲ್ಲಿ ಮಿಷನ್ನಿನ ಹೆಂಚಿನ ಕಾರ್ಖಾನೆ ಶುರುವಾದ ವರ್ಷ, ಹೆಂಚು ಸುಟ್ಟ ವರ್ಷ ಅಲ್ಲ. ಮೊದಲ ಮಹಾಯುದ್ಧದ ನಂತರ ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಹಾಗಾಗಿ ಮಿಷನ್ ಹೆಸರಿನ ಹೆಂಚು ಅದಕ್ಕಿಂತ ಮುಂಚಿನದು. ಪಾಳೇಗಾರರ ಚಿತ್ರದುರ್ಗ ಹೈದರಾಲಿ ಕೈಗೆ ಬಿದ್ದದ್ದು 1779ರಲ್ಲಿ. ಪಾಳೇಗಾರರ ಲಾಯಕ್ಕೆ ಈ ಹೆಂಚು ಹೊಂದುವುದಿಲ್ಲ. ಹಳೇ ಗೋಡೆಗೆ ಆಮೇಲೆ ಹೆಂಚು ಹೊದೆಸಿರಬಹುದು ಅಂತ ಒಬ್ಬರು ವಾದ ಹಾಕಿದರು. ಹೆಂಚೊಂದೇ ಸಾಕ್ಷಿ ಆಗಿದ್ದರೆ ನಾನೂ ಒಪ್ಪುತ್ತಿದ್ದೆ. ಟಿಪ್ಪಣಿ, ಗಾಡಿ ದಾರಿ, ಹೆಂಚು ಮೂರೂ ಒಂದೇ ಮಾತು ಹೇಳಿದ ಮೇಲೆ ವಾದ ನಿಂತಿತು.

ಹಾಗಂತ ಊರವರ ಮಾತು ಸುಳ್ಳೂ ಅಲ್ಲ. ಹಿಂದಿನ ಕೋಣೆಯ ಗೋಡೆಯಲ್ಲಿ ಎದೆಯೆತ್ತರಕ್ಕೆ ಕಬ್ಬಿಣದ ಬಳೆಗಳಿವೆ. ಹಗ್ಗ ಉಜ್ಜಿ ಉಜ್ಜಿ ಒಂದು ಬಳೆಯ ಕೆಳಭಾಗ ಅರ್ಧಕ್ಕೆ ಸವೆದಿದೆ. ಕುದುರೆ ಕಟ್ಟುತ್ತಿದ್ದದ್ದು ನಿಜ. ಆದರೆ ಅವು ದಾರಿಹೋಕರ ಕುದುರೆ. ಮೋಟಾರು ರಸ್ತೆ ಒಂದು ಮೈಲಿ ಆಚೆ ಹೋಯಿತು, ತಂಗುವವರು ಇಲ್ಲವಾದರು, ಹೆಂಚು ಕೊಟ್ಟಿಗೆ ಸೇರಿದವು. ಕುದುರೆ ಕಟ್ಟಿದ ನೆನಪು ಮಾತ್ರ ಊರಲ್ಲಿ ಉಳಿಯಿತು. ದುರ್ಗದ ಸೀಮೆಯಲ್ಲಿ ಹಳೇದೆಲ್ಲ ಪಾಳೇಗಾರ ಮದಕರಿ ನಾಯಕನ ಲೆಕ್ಕಕ್ಕೇ ಸೇರುತ್ತದಲ್ಲ, ಇದೂ ಸೇರಿತು.

ಒಟ್ಟು ಖರ್ಚು ಮೂವತ್ತು ಸಾವಿರದ ಆಸುಪಾಸು. ನಿಜವಾಗಿ ಕೆಲಸಕ್ಕೆ ಬಂದದ್ದು ನಕಲಿನ ದುಡ್ಡು ಮತ್ತು ಒಂದು ಟೇಪು. ಈಗ ಪಕ್ಕದ ಹೊಲದ ಯಜಮಾನರು ಕಾಂಪೌಂಡಿನ ಆ ತಳಪಾಯದ ಮೇಲೆ ಟ್ರ್ಯಾಕ್ಟರ್ ಹತ್ತಿಸುವುದನ್ನು ಬಿಟ್ಟಿದ್ದಾರೆ. ಬಂಗಲೆ ಜಾಗ ಖರಾಬು ಅಂತಲೇ ಪಹಣಿಯಲ್ಲಿ ಉಳಿಯಲಿ ಅಂತ ಅರ್ಜಿ ಕೊಟ್ಟಿದ್ದೇನೆ. ಜಗಳೂರು ಕಡೆಯ ಇನ್ನೊಂದು ಟಿಪ್ಪಣಿಯಲ್ಲಿ, ನೀರೇ ಇಲ್ಲದ ಬಯಲಿನಲ್ಲಿ 'ಬಾವಿ' ಅಂತ ಬರೆದ ಮೂರು ಗುಂಟೆ ಖರಾಬು ಕಂಡಿದೆ. ಬೇಸಿಗೆ ಕಳೆಯುವುದರೊಳಗೆ ಅದನ್ನು ಅಳೆಯಬೇಕು.