ವಿಡಿಯೋ ಕಾಲ್‌ಗೆ ಡೇಟಾ ಎಷ್ಟು ಹೋಗುತ್ತೆ? ನೀವೇ ಅಳೆದು ನೋಡಿ

ವಾಟ್ಸಾಪ್‌ನಂಥ ಆಪ್‌ಗಳಲ್ಲಿ ವಿಡಿಯೋ ಕಾಲ್‌ಗೆ ಬೇರೆ ಚಾರ್ಜ್ ಇಲ್ಲ, ಖರ್ಚಾಗುವುದು ಡೇಟಾ. ಅದೂ ಎರಡು ಕಡೆಯ ಲೆಕ್ಕ. ಅವರ ಮುಖ ನಿಮ್ಮ ಫೋನಿಗೆ ಬರಬೇಕು, ನಿಮ್ಮ ಮುಖ ಅವರಿಗೆ ಹೋಗಬೇಕು, ಅಲ್ವಾ?

8 ಮೆಗಾಬಿಟ್ ಸೇರಿದರೆ 1 ಎಂಬಿ (ಮೆಗಾಬೈಟ್). ಹಾಗಾಗಿ ಕಾಲ್‌ನ ವೇಗ ಸೆಕೆಂಡಿಗೆ 1 ಮೆಗಾಬಿಟ್ ಅಂದರೆ ನಿಮಿಷಕ್ಕೆ 7.5 ಎಂಬಿ, ಗಂಟೆಗೆ 450 ಎಂಬಿ. ಹೋಗುವುದೂ ಬರುವುದೂ ಅಷ್ಟಷ್ಟೇ ಇದ್ದರೆ 900 ಎಂಬಿ ಆಯ್ತು! ನಿಮ್ಮ ಆಪ್ ನಿಜಕ್ಕೂ ಎಷ್ಟು ಬಳಸುತ್ತದೆ ಅಂತ ತಿಳಿಯಬೇಕಾದರೆ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡೇಟಾ ಬಳಕೆ ತೆರೆದು ಆ ಆಪ್‌ನ ಅಂಕಿ ಬರೆದಿಟ್ಟುಕೊಳ್ಳಿ, ವೈಫೈ ಆಫ್ ಮಾಡಿ 10 ನಿಮಿಷ ಮಾತಾಡಿ, ಮತ್ತೆ ನೋಡಿ. ಹೆಚ್ಚಾದದ್ದನ್ನು 6ರಿಂದ ಗುಣಿಸಿದರೆ ಗಂಟೆಯ ಲೆಕ್ಕ ಸಿಗುತ್ತದೆ.

ಜಾಸ್ತಿ ಅನ್ನಿಸಿತಾ? ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಆಂಡ್ ಡೇಟಾಗೆ ಹೋಗಿ, ಕಾಲ್‌ಗೆ ಕಡಿಮೆ ಡೇಟಾ ಬಳಸುವ ಆಯ್ಕೆ ಆನ್ ಮಾಡಿ. ಚಿತ್ರ ಸ್ವಲ್ಪ ಮಸುಕಾಗಬಹುದು, ಪರವಾಗಿಲ್ಲ. ಮೀಟಿಂಗ್‌ನಲ್ಲಿ ಸುಮ್ನೆ ಕೇಳುತ್ತಿದ್ದರೆ ಕ್ಯಾಮೆರಾ ಆಫ್ ಮಾಡಿ.

ಇನ್ನೊಂದು ಮಾತು, ದಯವಿಟ್ಟು ಮರೆಯಬೇಡಿ: ವೈಫೈ ಸಿಗ್ನಲ್ ಕುಗ್ಗಿದರೆ ಕೆಲವು ಫೋನುಗಳು ತಾವಾಗಿಯೇ ಮೊಬೈಲ್ ಡೇಟಾಗೆ ಬದಲಾಗುತ್ತವೆ. ಐಫೋನಿನಲ್ಲಿ ಇದು ವೈಫೈ ಅಸಿಸ್ಟ್. ವಿದೇಶಕ್ಕೆ ಹೋಗುವ ಮುಂಚೆ ಡೇಟಾ ರೋಮಿಂಗ್ (ಅಲ್ಲಿನ ನೆಟ್‌ವರ್ಕ್‌ನಲ್ಲಿ ಮೊಬೈಲ್ ಡೇಟಾ ಬಳಸುವ ಸೌಲಭ್ಯ) ಆಫ್ ಮಾಡಿ.